ಪದ ಒಂದೇ, ಕೋಡ್ ಎರಡು: ನಮ್ಮ ಸಿಡಿಯ ಗೊಂದಲ ಬಿಡಿಸಿದ್ದು ಹೀಗೆ

ನಮ್ಮ ಕಂಸಾಳೆ ತಂಡದ ಹಳೆಯ ಸಿಡಿಯನ್ನು ಆನ್‌ಲೈನ್‌ಗೆ ಹಾಕಿದೆವು. ಸ್ಟುಡಿಯೋದಲ್ಲಿ ಹಾಡಿದ ಮಾದಪ್ಪನ ಪದ ಒತ್ತಿದರೆ ಜಾತ್ರೆಯಲ್ಲಿ ಹಾಡಿದ್ದು ಕೇಳಿಸುತ್ತಿತ್ತು! ಎರಡು ದಿನ ಸುಮ್ನೆ ಆಡಿಯೋ ಫೈಲನ್ನು ಬೈದೆ. ತಪ್ಪು ಇದ್ದದ್ದು ಹಾಡುಗಳ ವಿವರ ತುಂಬಿ ಕಳಿಸಿದ ನನ್ನ ಎಕ್ಸೆಲ್ ಹಾಳೆಯಲ್ಲಿ.

ಪದ ಒಂದೇ ಅಲ್ವಾ ಅಂತ ಎರಡಕ್ಕೂ ಒಂದೇ ಐಎಸ್‌ಆರ್‌ಸಿ ಕೋಡ್ ಬರೆದಿದ್ದೆ. ಆದರೆ ಆ ಅಂತರರಾಷ್ಟ್ರೀಯ ಗುರುತಿನ ಕೋಡ್ ಇರುವುದು ಹಾಡಿಗಲ್ಲ, ಧ್ವನಿಮುದ್ರಣಕ್ಕೆ. ಕೋಡ್ ಒಂದೇ ಇದ್ದದ್ದರಿಂದ ಎರಡೂ ಒಂದೇ ಮುದ್ರಣ ಅಂತಾಗಿತ್ತು. ಒಟ್ಟು 12 ಅಕ್ಷರ ಮತ್ತು ಅಂಕಿ. ಮೊದಲ 5 ಕೋಡ್ ಕೊಡುವವರ ಗುರುತು, ನಂತರದ 2 ವರ್ಷ, ಕೊನೆಯ 5 ಕ್ರಮಸಂಖ್ಯೆ. ಇಲ್ಲಿ ವರ್ಷ ಅಂದರೆ ಕೋಡ್ ಕೊಟ್ಟ ವರ್ಷ, ಹಾಡಿದ ವರ್ಷವಲ್ಲ. ಜನಪದದಲ್ಲಿ ಇದು ಇನ್ನೂ ಮುಖ್ಯ. ಒಂದೇ ಪದವನ್ನು ಹತ್ತು ತಂಡ ಹಾಡಿರುತ್ತವೆ, ಬರೆದವರ ಹೆಸರೂ ಇರುವುದಿಲ್ಲ. ಹೆಸರು ನೋಡಿ ಯಾವುದು ಯಾರದು ಅಂತ ಹೇಗೆ ಗೊತ್ತಾಗಬೇಕು?

ಜಾತ್ರೆಯ ಮುದ್ರಣಕ್ಕೆ ಹೊಸ ಕೋಡ್ ಕೊಟ್ಟೆ, ಸ್ಟುಡಿಯೋದ್ದು ಹಳೆಯದನ್ನೇ ಉಳಿಸಿದೆ. ಮುಂದೆ ಅದೇ ಮುದ್ರಣ ಬೇರೆ ಸಂಕಲನಕ್ಕೆ ಹೋದರೂ ಐಎಸ್‌ಆರ್‌ಸಿ ಬದಲಾಗುವುದಿಲ್ಲ. ಬದಲಾಗುವುದು ಬಾರ್‌ಕೋಡ್, ಅದು ಇಡೀ ಆಲ್ಬಂನ ಗುರುತು.

ಬಾರ್‌ಕೋಡ್ ಕೂಡ ಕಾಟ ಕೊಟ್ಟಿತು. 890ರಿಂದ ಶುರುವಾಗುವ ನಮ್ಮ 13 ಅಂಕಿಯನ್ನು ಎಕ್ಸೆಲ್ 8.9E+12 ಅಂತ ಮಾಡಿಟ್ಟಿತ್ತು. ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಸಿಡಿ ಕವರ್ ನೋಡಿಕೊಂಡು ಮತ್ತೆ ಟೈಪ್ ಮಾಡಿದೆ. ಅವಸರದಲ್ಲಿ ಒಂದು ಅಂಕಿ ತಪ್ಪಿತು, ತಕ್ಷಣ ತಿರಸ್ಕಾರ. 13ನೇ ಅಂಕಿ ಉಳಿದ 12ರ ಲೆಕ್ಕದಿಂದ ಬರುತ್ತದೆ, ಹಾಗಾಗಿ ಸಿಕ್ಕಿಬಿದ್ದೆ. ಮರುದಿನ ಎರಡೂ ಮುದ್ರಣ ಸರಿಯಾಗಿ ಕೇಳಿಸಿದವು.