240 ಅಡುಗೆಗಳನ್ನು 60ಕ್ಕೆ ಇಳಿಸಿದ ನನ್ನ ಅನುಭವ

ಆರು ವರ್ಷಗಳಿಂದ ಅಂತರ್ಜಾಲದಲ್ಲಿ ಅಡುಗೆಯನ್ನೂ ಬದುಕನ್ನೂ ಜೊತೆಯಾಗಿಟ್ಟು ಬರೆಯುತ್ತಾ ಬಂದಿರುವ ನಾನು, ಎರಡು ವರ್ಷಗಳ ಹಿಂದೆ ಹೊಸ ಅಡುಗೆಗಳನ್ನು ಬರೆಯುವುದನ್ನು ಪೂರ್ತಿಯಾಗಿ ನಿಲ್ಲಿಸಿದೆ. ಹಳೆಯ ಸುಮಾರು 240 ಬರಹಗಳಲ್ಲಿ 60ನ್ನು ಮಾತ್ರ ಉಳಿಸಿಕೊಂಡು, ಅವನ್ನೇ ಮತ್ತೆ ಮಾಡಿ, ಮತ್ತೆ ಬರೆಯಲು ತೀರ್ಮಾನಿಸಿದಾಗ, ಇದೇ ಕೆಲಸದಲ್ಲಿರುವ ನನ್ನ ಗೆಳೆಯರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. ವಾರಕ್ಕೆ ಎರಡು ಹೊಸ ಬರಹಗಳನ್ನು ಕೊಡದವರನ್ನು ಓದುಗರು ಆರು ತಿಂಗಳಲ್ಲಿ ಮರೆತುಬಿಡುತ್ತಾರೆ ಎಂಬುದೇ ಎಲ್ಲರ ಮಾತಾಗಿತ್ತು. ಅವರಲ್ಲಿ ಮೂವರು ಈಗ ಇದೇ ದಾರಿಯ ಬಗ್ಗೆ ವಿಚಾರಿಸುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ಬರೆದಿಡುತ್ತಿದ್ದೇನೆ.

ಇದೆಲ್ಲ ಆರಂಭವಾದದ್ದು ಒಬ್ಬ ಓದುಗರ ನಾಲ್ಕು ಸಾಲಿನ ಪತ್ರದಿಂದ. "ಈರುಳ್ಳಿ ಹತ್ತು ನಿಮಿಷದಲ್ಲಿ ಕಂದು ಬಣ್ಣಕ್ಕೆ ಬರುತ್ತದೆ ಎಂದು ಬರೆದಿದ್ದೀರಿ, ಮೂರು ಸಲ ಮಾಡಿದೆ, ಮೂರು ಸಲವೂ ಬರಲಿಲ್ಲ, ತಪ್ಪು ನನ್ನದೇ ಇರಬೇಕು" ಎಂದು ಅವರು ಬರೆದಿದ್ದರು. ಆ ಕೊನೆಯ ಮಾತು ನನ್ನನ್ನು ಬಹಳ ಕಾಡಿತು. ಅಂದು ಸಂಜೆಯೇ ಒಂದು ಕಿಲೋ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಅಗಲವಾದ ಪಾತ್ರೆಗೆ ಹಾಕಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ನಿಂತೆ. ಹತ್ತನೆಯ ನಿಮಿಷದಲ್ಲಿ ಅದು ಬಾಡಿ, ನೀರು ಬಿಟ್ಟುಕೊಂಡು, ಬಿಳಿಯಾಗಿಯೇ ಇತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ಅಂಚುಗಳಲ್ಲಿ ಹೊಂಬಣ್ಣ ಕಾಣಿಸಿತು. ನಾನು ಬರೆದಿದ್ದ ಬಣ್ಣ ಬರುವ ಹೊತ್ತಿಗೆ ನಲವತ್ತೈದು ನಿಮಿಷಗಳಾಗಿದ್ದವು, ತೂಕ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿದಿತ್ತು. ಈರುಳ್ಳಿಯಲ್ಲಿ ಹತ್ತಿರ ಹತ್ತಿರ ಶೇಕಡ 90ರಷ್ಟು ನೀರೇ ಇರುವುದರಿಂದ, ಆ ನೀರು ಹೋಗುವ ತನಕ ಪಾತ್ರೆಯೊಳಗಿನ ಬಿಸಿ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ, ಬಣ್ಣವೂ ಏರುವುದಿಲ್ಲ. ಇದು ಅಡುಗೆಯ ಬಗ್ಗೆ ಬರೆಯುವ ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಹತ್ತು ನಿಮಿಷ ಎಂದು ಬರೆದಿದ್ದೆ, ಏಕೆಂದರೆ ನಲವತ್ತೈದು ಎಂದು ಬರೆದರೆ ಓದುಗರು ಅಲ್ಲಿಗೇ ಎದ್ದುಹೋಗುತ್ತಾರೆ ಎಂಬ ಭಯವಿತ್ತು.

ಅದೇ ವಾರ ಚಿಟಿಕೆ ಅಡುಗೆ ಸೋಡಾ ಹಾಕಿಯೂ ನೋಡಿದೆ. ಬಣ್ಣವೇನೋ ಅರ್ಧ ಸಮಯಕ್ಕೇ ಬಂತು, ಆದರೆ ಈರುಳ್ಳಿ ಎಳೆ ಎಳೆಯಾಗಿ ಉಳಿಯದೆ ಮುದ್ದೆಯಾಯಿತು. ಗೊಜ್ಜಿನಂತೆ ಅರೆದು ಸೇರಿಸುವ ಅಡುಗೆಗೆ ಅದು ನಡೆಯುತ್ತದೆ, ಬಾಯಿಗೆ ಸಿಗಬೇಕಾದ ಕಡೆ ನಡೆಯುವುದಿಲ್ಲ. ಹೊಸದಾಗಿ ಬರೆದಾಗ ಎರಡನ್ನೂ ಹಾಗೆಯೇ ಬರೆದೆ.

ಇಲ್ಲಿಗೆ ಬರುವ ಮೊದಲು ಎರಡು ತಪ್ಪು ದಾರಿಗಳನ್ನು ಹಿಡಿದಿದ್ದೆ. ಮೊದಲನೆಯದು ಚಿತ್ರಗಳ ದಾರಿ. ಓದುಗರು ಕಡಿಮೆಯಾಗುತ್ತಿರುವುದಕ್ಕೆ ಚಿತ್ರಗಳು ಮಂಕಾಗಿರುವುದೇ ಕಾರಣವೆಂದು ನಂಬಿ, ಒಂದು ವರ್ಷದ ಜಾಹೀರಾತಿನ ಆದಾಯವನ್ನೆಲ್ಲ ಒಂದು ಕ್ಯಾಮೆರಾ ಲೆನ್ಸಿಗೆ ಸುರಿದೆ. ಚಿತ್ರಗಳು ಚೆನ್ನಾದವು, ಓದುಗರ ಸಂಖ್ಯೆ ಮಾತ್ರ ಅಲ್ಲಾಡಲಿಲ್ಲ. ಕಿಟಕಿಯ ಪಕ್ಕದಲ್ಲಿ, ಬೆಳಗಿನ ಓರೆ ಬೆಳಕಿನಲ್ಲಿ, ಎದುರಿಗೆ ಒಂದು ಬಿಳಿ ರಟ್ಟನ್ನು ನಿಲ್ಲಿಸಿ ಫೋನಿನಲ್ಲಿ ತೆಗೆದ ಚಿತ್ರಗಳೇ ಇಂದಿಗೂ ನನ್ನ ಬಹುಪಾಲು ಬರಹಗಳಲ್ಲಿವೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅಡುಗೆಯನ್ನು ಬದಿಗಿಟ್ಟು ಬರೀ ಬದುಕನ್ನೇ ಬರೆಯಲು ಹೊರಟೆ. ಮನೆಯಲ್ಲಿ ಒಂದು ಸಾವು ಸಂಭವಿಸಿದ ವರ್ಷ ಅದು. ಬರೆಯಲು ಬೇಕಾದಷ್ಟಿತ್ತು, ಓದಿದವರೂ ಬಹಳ ಮಂದಿ. ಆದರೆ ಹತ್ತಿರದ ಸಂಬಂಧಿಕರೊಬ್ಬರು, ಊಟಕ್ಕೆ ಕುಳಿತಾಗ ತಾವು ಅತ್ತದ್ದನ್ನು ಸಾವಿರಾರು ಜನ ಓದಿದ್ದಾರೆಂದು ತಿಳಿದು, ಎಂಟು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆ ಬರಹವನ್ನು ತೆಗೆದುಹಾಕಿದೆ. ಅಂದಿನಿಂದ ನನ್ನ ಜೊತೆ ಕುಳಿತು ಉಂಡ ಯಾರ ಬಗ್ಗೆ ಬರೆದರೂ, ಅವರು ಮೊದಲು ಓದಿ ಒಪ್ಪಿದ ಮೇಲಷ್ಟೇ ಅದು ಹೊರಗೆ ಹೋಗುತ್ತದೆ. ಇದರಿಂದ ಹತ್ತಾರು ಒಳ್ಳೆಯ ಸಾಲುಗಳನ್ನು ಕಳೆದುಕೊಂಡಿದ್ದೇನೆ, ಆ ಬಗ್ಗೆ ನನಗೆ ಬೇಸರವಿಲ್ಲ.

ಹೀಗೆ ಎರಡು ಕಡೆ ಮುಗ್ಗರಿಸಿದ ಮೇಲೆ, ಹಳೆಯ ಬರಹಗಳನ್ನೆಲ್ಲ ಮುದ್ರಿಸಿ ನೆಲದ ಮೇಲೆ ಹರಡಿದೆ. ಕಳೆದ ಒಂದು ವರ್ಷದಲ್ಲಿ ನಾನೇ ಮನೆಯಲ್ಲಿ ಮಾಡಿ ತಿಂದವು ಒಂದು ರಾಶಿಯಾದವು, ಸಂಖ್ಯೆಗಾಗಿ ಒಮ್ಮೆ ಮಾಡಿ ಮರೆತವು ಇನ್ನೊಂದು. ಎರಡನೆಯ ರಾಶಿ ಮೊದಲನೆಯದರ ಮೂರರಷ್ಟಿತ್ತು. ಅದನ್ನು ಕಂಡು ನನಗೆ ಆದ ಸಂಕಟ ಸಣ್ಣದಲ್ಲ. ಅಂಚಿನಲ್ಲಿದ್ದ ಹದಿನೈದು ಇಪ್ಪತ್ತು ಬರಹಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ನಾನು ಬಳಸಿದ ಒಂದು ಪ್ರಶ್ನೆಯಿದೆ. ಈ ಕೆಲಸವೆಲ್ಲ ನಿಂತಿರುವುದೇ ಅದರ ಮೇಲೆ, ಆದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದ ಅರವತ್ತರಲ್ಲಿ ಪ್ರತಿಯೊಂದನ್ನೂ ಕಡಿಮೆಯೆಂದರೆ ಮೂರು ಸಲ ಮಾಡುವುದು, ಹದಿನೈದು ದಿನಕ್ಕೆ ಒಂದನ್ನು ಪ್ರಕಟಿಸುವುದು, ಮೂರರಲ್ಲಿ ಕೆಟ್ಟದ್ದನ್ನೂ ಬರೆಯುವುದು, ಬದುಕಿನ ಮಾತು ಆ ಅಡುಗೆಯ ಮುಂದೆ ನಿಂತಿದ್ದಾಗ ನಡೆದದ್ದಾದರೆ ಮಾತ್ರ ಬರಹದೊಳಕ್ಕೆ ಬರುವುದು ಎಂದು ಗೊತ್ತುಮಾಡಿಕೊಂಡೆ. ಉಪ್ಪನ್ನೆಲ್ಲ ಗ್ರಾಮಿಗೆ ಬದಲಿಸಿದೆ, ಏಕೆಂದರೆ ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗಿದರೆ, ತೆಳು ಪದರಗಳಂತಿರುವ ಹಗುರವಾದ ಉಪ್ಪು (ಫ್ಲೇಕ್ ಸಾಲ್ಟ್) ಅದರ ಅರ್ಧವಷ್ಟೇ ತೂಗುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಕೊಂಡ ಸಾಮಾನುಗಳಲ್ಲಿ ಅತಿ ಕಡಿಮೆ ಬೆಲೆಯ, ಉಪ್ಪು ತೂಗುವ ಆ ತಕ್ಕಡಿಯೇ ಹಾಕಿದ ಹಣವನ್ನು ಎಲ್ಲಕ್ಕಿಂತ ಮೊದಲು ವಾಪಸು ತಂದುಕೊಟ್ಟಿತು.

ಅಕ್ಕಿಯ ಬರಹ ನನ್ನನ್ನು ಒಂದು ತಿಂಗಳು ಹಿಡಿದಿಟ್ಟಿತು. ಒಂದು ಲೋಟಕ್ಕೆ ಒಂದೂಮುಕ್ಕಾಲು ಲೋಟ ನೀರು ಎಂದು ಬರೆದಿದ್ದೆ. ಅದು ಸರಿಯೇ ಇತ್ತು. ಆದರೆ ಮೂರು ಲೋಟ ಅಕ್ಕಿಗೆ ಅದೇ ಲೆಕ್ಕದಲ್ಲಿ ಐದೂಕಾಲು ಲೋಟ ನೀರಿಟ್ಟವರೆಲ್ಲ ಅನ್ನ ಮುದ್ದೆಯಾಯಿತೆಂದು ದೂರಿದ್ದರು. ಒಂದೇ ಪಾತ್ರೆ, ಒಂದೇ ಉರಿ ಇಟ್ಟು ಮಾಡಿದಾಗ, ಎರಡು ಲೋಟಕ್ಕೆ ಎರಡೂಮುಕ್ಕಾಲು, ಮೂರು ಲೋಟಕ್ಕೆ ಮೂರೂಮುಕ್ಕಾಲು ಲೋಟ ನೀರೇ ಸಾಕಾಯಿತು. ಅಕ್ಕಿ ಕುಡಿಯುವುದು ಹೆಚ್ಚುಕಡಿಮೆ ತನ್ನಷ್ಟೇ ನೀರನ್ನು. ಮಿಕ್ಕ ಮುಕ್ಕಾಲು ಲೋಟ ಹಬೆಯಾಗಿ ಹೋಗುವಂಥದ್ದು, ಅಕ್ಕಿ ಹೆಚ್ಚಾದರೂ ಅದು ಹೆಚ್ಚುವುದಿಲ್ಲ. ನಿಮ್ಮ ಪಾತ್ರೆಯ ಮುಚ್ಚಳ ಸಡಿಲವಿದ್ದರೆ ಆ ಮುಕ್ಕಾಲು ಒಂದಾಗಬಹುದು, ನೀವೇ ಅಳೆದುಕೊಳ್ಳಬೇಕು. ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಓದಿರುವುದು ಇದನ್ನೇ, ಇದರಲ್ಲಿ ಇರುವುದೂ ಎರಡೇ ಚಿತ್ರಗಳು.

ಹಣದ ವಿಷಯವನ್ನು ಮುಚ್ಚಿಡುವುದಿಲ್ಲ. ಮೊದಲ ಐದು ತಿಂಗಳಲ್ಲಿ ಓದುಗರು ಸುಮಾರು ಶೇಕಡ 40ರಷ್ಟು ಕುಸಿದರು, ಜಾಹೀರಾತಿನ ಆದಾಯ ಅರ್ಧಕ್ಕೆ ಇಳಿಯಿತು, ಮೂರು ಸಲ ಮಾಡುವುದರಿಂದ ದಿನಸಿಯ ಖರ್ಚು ಬೇರೆ ಏರಿತು. ಅದೇ ಸಮಯಕ್ಕೆ ಪಾತ್ರೆ ತಯಾರಿಸುವ ಕಂಪನಿಯೊಂದು, ತನ್ನ ಬಾಣಲೆಯ ಬಗ್ಗೆ ಬರೆದರೆ ನನ್ನ ಎರಡು ತಿಂಗಳ ಆದಾಯದಷ್ಟು ಹಣ ಕೊಡಲು ಮುಂದೆ ಬಂದು, ಅರ್ಧವನ್ನು ಮುಂಗಡವಾಗಿ ಕೊಟ್ಟಿತು. ಅವರ ಬಾಣಲೆಗೆ ಎರಡನೆಯ ಬಳಕೆಯಲ್ಲೇ ಅಡುಗೆ ಅಂಟಿಕೊಂಡಿತು. ಆ ಮಾತನ್ನು ಬಿಟ್ಟು ಬರೆಯಿರಿ ಎಂದರು, ನಾನು ಒಪ್ಪಲಿಲ್ಲ, ಉಳಿದ ಅರ್ಧ ಬರಲಿಲ್ಲ. ಮುಂಗಡವನ್ನೂ ಹಿಂತಿರುಗಿಸಿದೆ. ಆ ತಿಂಗಳು ಬಾಡಿಗೆಗೆ ಕೈಸಾಲ ಮಾಡಬೇಕಾಯಿತು, ಗೆಳೆಯರು "ನಾವು ಹೇಳಿರಲಿಲ್ಲವೇ" ಎಂದರು.

ಒಂಬತ್ತನೆಯ ತಿಂಗಳಲ್ಲಿ ತಿರುವು ಕಾಣಿಸಿತು. ಹೊಸಬರು ಬರುವುದಕ್ಕಿಂತ ಮೊದಲು, ಹಳಬರು ಮತ್ತೆ ಮತ್ತೆ ಬರತೊಡಗಿದ್ದರು. ಒಂದೇ ಬರಹವನ್ನು ತಿಂಗಳಿಗೆ ಮೂರು ನಾಲ್ಕು ಸಲ ತೆರೆಯುವವರು ಹೆಚ್ಚಾದರು, ಎಂದರೆ ಅವರು ಅದನ್ನು ಎದುರಿಗಿಟ್ಟುಕೊಂಡು ಅಡುಗೆ ಮಾಡುತ್ತಿದ್ದರು. ಎತ್ತರದ ಊರಿನಿಂದ ಒಬ್ಬರು ತಮ್ಮಲ್ಲಿ ಕಾಳು ಬೇಯಲು ಹೆಚ್ಚು ಹೊತ್ತು ಬೇಕೆಂದು ತಿಳಿಸಿದರು. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ಅವರ ಲೆಕ್ಕವನ್ನು ಕಾಳಿನ ಬರಹಕ್ಕೆ ಸೇರಿಸಿದೆ. ಹದಿನಾಲ್ಕನೆಯ ತಿಂಗಳಿಗೆ ಆದಾಯ ಹಳೆಯ ಮಟ್ಟ ಮುಟ್ಟಿತು. ಈಗ ಅದು ಸುಮಾರು ಒಂದೂವರೆ ಪಟ್ಟಾಗಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ, ಓದುಗರು ತಾವಾಗಿಯೇ ಕೊಡುವ ವಂತಿಗೆಯಿಂದ ಬರುತ್ತಿದೆ. ವಂತಿಗೆಯನ್ನು ಬರಹದ ಯಾವ ಜಾಗದಲ್ಲಿ ಕೇಳಬೇಕೆಂಬುದನ್ನು ಕಂಡುಕೊಳ್ಳಲು ನನಗೆ ಏಳು ತಿಂಗಳು ಹಿಡಿಯಿತು, ಆ ಜಾಗವನ್ನೂ ಇಲ್ಲಿ ಹೇಳುವುದಿಲ್ಲ.

ಅರವತ್ತರಲ್ಲಿ ಇನ್ನೂ ಹದಿನಾಲ್ಕು ಬಾಕಿ ಇವೆ. ಹತ್ತು ನಿಮಿಷದ ಆ ಪತ್ರ ಬರೆದವರು ಹೊಸ ಬರಹವನ್ನು ನೋಡಿ ಮತ್ತೆ ಮಾಡಿದರಂತೆ. ಅವರ ಒಲೆಯ ಮೇಲೆ ಐವತ್ತು ನಿಮಿಷ ಹಿಡಿಯಿತೆಂದು ತಿಳಿಸಿದರು. ಬರಹದಲ್ಲಿ ನಲವತ್ತೈದರ ಪಕ್ಕಕ್ಕೆ ಅದನ್ನೂ ಬರೆದೆ.