ಯೂಲ್ ಲಾಗ್ ಕೇಕ್ ಸುತ್ತುವಾಗ ಬಿರುಕು ಬಿಡದಿರಲು

ಕ್ರಿಸ್‌ಮಸ್‌ಗೆ ಫ್ರಾನ್ಸಿನವರು ಮಾಡುವ ಮರದ ದಿಮ್ಮಿಯಂಥ ಚಾಕೊಲೇಟ್ ರೋಲ್ ಇದೆಯಲ್ಲ, ಅದರಲ್ಲಿ ಎಲ್ಲರಿಗೂ ತಲೆನೋವು ಒಂದೇ. ಸುತ್ತುವಾಗ ಬಿರುಕು ಬಿಡುವುದು. ಸಾಮಾನ್ಯವಾಗಿ ಜಾಸ್ತಿ ಬೇಯಿಸಿದರೇ ಹೀಗಾಗುವುದು.

4 ಮೊಟ್ಟೆ, 100 ಗ್ರಾಂ ಸಕ್ಕರೆ, 75 ಗ್ರಾಂ ಮೈದಾ, 25 ಗ್ರಾಂ ಕೋಕೋ ಪುಡಿ ಸಾಕು. ಬೆಣ್ಣೆ ಬೇಡ. ಮೊದಲು ಮೊಟ್ಟೆ, ಸಕ್ಕರೆಯನ್ನು ಬೀಟರ್‌ನಲ್ಲಿ ಚೆನ್ನಾಗಿ ಹೊಡೆಯಿರಿ; ಬೀಟರ್ ಎತ್ತಿದಾಗ ಬೀಳುವ ಎಳೆ ತಕ್ಷಣ ಮುಳುಗದೆ ಸ್ವಲ್ಪ ಹೊತ್ತು ಮೇಲೇ ನಿಲ್ಲಬೇಕು. ಪುಡಿಗಳನ್ನು ಜರಡಿ ಹಿಡಿದು ಹಗುರ ಕೈಯಲ್ಲಿ ಬೆರೆಸಿ. ಬಟರ್ ಪೇಪರ್ ಹಾಸಿದ ಅಗಲ ಟ್ರೇಯಲ್ಲಿ ತೆಳ್ಳಗೆ ಹರಡಿ, 180 ಡಿಗ್ರಿಯಲ್ಲಿ ಇಟ್ಟು 10 ನಿಮಿಷಕ್ಕೇ ನೋಡಿ. ಬೆರಳಲ್ಲಿ ಒತ್ತಿದ ಜಾಗ ಮೇಲೆದ್ದರೆ ತೆಗೆದುಬಿಡಿ, ಅಂಚು ಗರಿಗರಿಯಾದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಆರಲು ಬಿಡಬೇಡಿ. ಕೋಕೋ ಉದುರಿಸಿದ ಬಟ್ಟೆಯ ಮೇಲೆ ಬಿಸಿಬಿಸಿಯಾಗಿಯೇ ಬೋರಲು ಹಾಕಿ, ಪೇಪರ್ ಸುಲಿದು, ಬಟ್ಟೆ ಸಮೇತ ಸುರುಳಿ ಸುತ್ತಿ ಹಾಗೇ ತಣ್ಣಗಾಗಲು ಇಡಿ. ಚಾಪೆ ಸುತ್ತಿದಷ್ಟು ಬಿಗಿ ಬೇಡ.

ಒಳಗೆ, ಮೇಲೆ ಬಳಿಯುವ ಗನಾಶ್‌ಗೆ (ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಮಿಶ್ರಣ) 200 ಗ್ರಾಂ ಡಾರ್ಕ್ ಚಾಕೊಲೇಟ್, 200 ಎಂಎಲ್ ಕ್ರೀಮ್. ಅಂಗಡಿಯ ಸಾಧಾರಣ ಫ್ರೆಶ್ ಕ್ರೀಮ್ ನೊರೆಯಾಗಿ ಏಳುವುದಿಲ್ಲ, ಆದರೆ ಇದಕ್ಕೆ ಚೆನ್ನಾಗಿಯೇ ಆಗುತ್ತದೆ. ಸವರುವಷ್ಟು ಗಟ್ಟಿಯಾದ ಮೇಲೆ ರೋಲ್ ಬಿಚ್ಚಿ ಒಳಗೆ ಹಚ್ಚಿ ಮತ್ತೆ ಸುತ್ತಿ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದರೆ ಕೊಂಬೆ ರೆಡಿ. ಉಳಿದ ಗನಾಶ್ ಮೇಲೆ ಬಳಿದು ಫೋರ್ಕ್‌ನಿಂದ ಗೆರೆ ಎಳೆಯಿರಿ, ಸೊಟ್ಟಪಟ್ಟ ಆದಷ್ಟೂ ತೊಗಟೆ ಥರ ಕಾಣುತ್ತದೆ. ಫ್ರಿಜ್‌ನಲ್ಲಿಟ್ಟಿರಿ; ಬಡಿಸುವಾಗ ಹೊರತೆಗೆದು ಅರ್ಧ ಗಂಟೆ ಬಿಟ್ಟು, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಲ್ಲಿ ಕತ್ತರಿಸಿ.