ಜೈಲಿನ ಮಾತು, ಪ್ರಾಜೆಕ್ಟಿನ ಪುಟ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಾನು ಕ್ರಿಮಿನಾಲಜಿಯಲ್ಲಿ, ಅಂದರೆ ಅಪರಾಧಶಾಸ್ತ್ರದಲ್ಲಿ, ಪಿ.ಜಿ. ಮಾಡಿದೆ. ಸೇರುವಾಗ ಎಲ್ಲರಿಗೂ ಕೊಲೆಗಾರರ ಮನಸ್ಸು ಓದುವ ಆಸೆ. ಸಿಗುವುದು ಕಾನೂನು, ಅಂಕಿಅಂಶ, ಬೆರಳಚ್ಚು ಮತ್ತು ಒಂದು ರಾಶಿ ಥಿಯರಿ. ಅಪರಾಧ ಮನಶ್ಶಾಸ್ತ್ರದ ರುಚಿ ನನಗೆ ಹತ್ತಿದ್ದು ಪ್ರಾಜೆಕ್ಟ್ ಮಾಡುವಾಗ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಬರೆದ ಒಂದು ಲೇಖನ ಹಿಡಿದುಕೊಂಡೆ. ತಪ್ಪು ಮಾಡುವವನಿಗೂ ಸರಿ ತಪ್ಪು ಗೊತ್ತಿರುತ್ತದೆ, ಆದರೆ ಮನಸ್ಸನ್ನು ಒಪ್ಪಿಸಲು ಐದು ಬಗೆಯ ಸಮಜಾಯಿಷಿ ಇಟ್ಟುಕೊಂಡಿರುತ್ತಾನೆ ಅನ್ನುವುದು ಅವರ ವಾದ. ಅವರು ಹೇಳಿದ್ದು ಅಮೆರಿಕದ ಹುಡುಗರ ಬಗ್ಗೆ. ನಾನು ಅದನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಒಯ್ದೆ.

ಅನುಮತಿಗೆ ವಿಭಾಗದ ಪತ್ರ, ಪ್ರಶ್ನೆಗಳ ಪಟ್ಟಿ ಎಲ್ಲ ಸೇರಿಸಿ ಕಾರಾಗೃಹ ಇಲಾಖೆಗೆ ಅರ್ಜಿ ಹಾಕಿದೆ. ವಿಚಾರಣಾಧೀನ ಕೈದಿಗಳು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ನಮ್ಮಲ್ಲಿ ಸಂಶೋಧಕನ ಮುಂದೆ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇಲ್ಲ. ಒಬ್ಬ ತಪ್ಪೊಪ್ಪಿಕೊಂಡರೆ ನಾಳೆ ನಾನೇ ಸಾಕ್ಷಿಕಟ್ಟೆ ಹತ್ತಬೇಕಾಗಬಹುದು. ಶಿಕ್ಷೆಯಾದವರಲ್ಲೂ ಮೇಲ್ಮನವಿ ಬಾಕಿ ಇದ್ದವರನ್ನು ಬಿಟ್ಟೆ. ಮಾತಿಗೆ ಕೂರುವ ಮುಂಚೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ಇದರಿಂದ ನಿಮಗೆ ಪೆರೋಲ್ ಸಿಗೋದಿಲ್ಲ, ಶಿಕ್ಷೆ ಕಡಿಮೆ ಆಗೋದಿಲ್ಲ." ಕೆಲವರು ಎದ್ದು ಹೋದರು. ಒಳ್ಳೆಯದೇ ಆಯಿತು.

ಮೊಬೈಲ್, ರೆಕಾರ್ಡರ್ ಒಳಗೆ ಬಿಡುವುದಿಲ್ಲ. ಕೈಯಲ್ಲೇ ಬರೆದುಕೊಳ್ಳಬೇಕು. "ಯಾಕೆ ಮಾಡಿದೆ?" ಅಂತ ನಾನು ಕೇಳಲೇ ಇಲ್ಲ. ಪೊಲೀಸರು, ವಕೀಲರು ಕೇಳಿ ಕೇಳಿ ಆ ಪ್ರಶ್ನೆಗೆ ಉತ್ತರ ಬಾಯಿಪಾಠ ಆಗಿರುತ್ತದೆ. ಊರು, ಹೊಲ, ದುಡಿಮೆ, ಜಗಳ ಶುರುವಾದ ಬಗೆ, ಇಷ್ಟು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ಬಂದದ್ದೂ ಹಾಗೆಯೇ. "ಕುಡದಿದ್ದೆರಿ, ಏನ್ ಆತು ಗೊತ್ತಾಗ್ಲಿಲ್ಲ." ಇದು ಹೊಣೆ ಜಾರಿಸುವ ಮಾತು. "ಶ್ರೀಮಂತ ಅದಾನ, ಅವಗೇನ್ ಲುಕ್ಸಾನ ಆಗಂಗಿಲ್ಲ." ಇದು ಹಾನಿಯನ್ನೇ ಅಲ್ಲಗಳೆಯುವುದು. "ಅವ ಅಂಥಾವನ ಇದ್ದ, ಅವಗ ಹಂಗ ಆಗಬೇಕಿತ್ತು." ಸತ್ತವನೇ ತಪ್ಪಿತಸ್ಥ. "ಪೊಲೀಸ್ರೇನ್ ಹರಿಶ್ಚಂದ್ರನ ಮಕ್ಕಳೇನ್ರಿ?" ತಪ್ಪು ಅಂತ ಬೆರಳು ತೋರಿಸಿದವರ ಮೇಲೆಯೇ ತಿರುಗಿಬೀಳುವುದು. "ತಂಗಿ ಸಲುವಾಗಿ ಮಾಡಿದ್ನಿರಿ." ಕಾನೂನಿಗಿಂತ ಮನೆಯವರು ದೊಡ್ಡವರು. ಐದೂ ಸಿಕ್ಕವು ಅಂತ ನಾನು ಹಿಗ್ಗಿದೆ.

ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುತ್ತಿದ್ದ ಗೈಡ್ ಇದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ಇದು ಅಪರಾಧಕ್ಕೆ ಮೊದಲಿನ ಮಾತೋ, ನಂತರದ್ದೋ?" ಥಿಯರಿಯ ಪ್ರಕಾರ ಈ ಸಮಜಾಯಿಷಿ ಮೊದಲು ಬಂದು ದಾರಿ ಮಾಡಿಕೊಡಬೇಕು. ನಾನು ಕೇಳಿದ್ದೆಲ್ಲ ವರ್ಷಗಟ್ಟಲೆ ಜೈಲಿನಲ್ಲಿದ್ದವರ ಮಾತು. ಅಪರಾಧಿಗಳನ್ನು ಸಂದರ್ಶಿಸುವ ಯಾವ ಅಧ್ಯಯನಕ್ಕೂ ಈ ತೊಡಕು ತಪ್ಪಿದ್ದಲ್ಲ.

ಆಗ ಮಾಡಿದ ಕೆಲಸವೇ ನನ್ನ ಪ್ರಾಜೆಕ್ಟಿನ ಅಸಲಿ ಭಾಗ. ಪ್ರತಿಯೊಬ್ಬರ ತೀರ್ಪಿನ ಪ್ರತಿ ಹುಡುಕಿ ಪಕ್ಕದಲ್ಲಿಟ್ಟುಕೊಂಡೆ. ಅವರ ವಕೀಲರು ಕೋರ್ಟಿನಲ್ಲಿ ಮಂಡಿಸಿದ ವಾದವೇ ಕೈದಿಯ ಬಾಯಲ್ಲೂ ಬಂದಿದ್ದರೆ ಬೇರೆ ಗುರುತು ಹಾಕಿದೆ, ಅದಕ್ಕೆ ಜಾಸ್ತಿ ಬೆಲೆ ಕೊಡಲಿಲ್ಲ. ಕುಡಿತದ ಸಬೂಬು ಬಹುಪಾಲು ಹೀಗೇ ಉದುರಿಹೋಯಿತು. ತಂಗಿಯ, ಅಣ್ಣನ, ಮನೆತನದ ಮಾತು ಉಳಿದುಕೊಂಡಿತು. ಅದು ಹಳೆಯ ಜಗಳಗಳ ಕಥೆಯಲ್ಲೂ, ಕೇಸಿಗೆ ಸಂಬಂಧವೇ ಇಲ್ಲದ ಕಡೆಯಲ್ಲೂ ಬರುತ್ತಿತ್ತು. ಈ ಮಾತು ಅಪರಾಧಕ್ಕೆ ಮೊದಲೇ ಇದ್ದದ್ದು ಅನ್ನುವಷ್ಟನ್ನೇ ಪ್ರಾಜೆಕ್ಟಿನ ತೀರ್ಮಾನದಲ್ಲಿ ಬರೆದೆ, ಅದೂ "ಇರಬಹುದು" ಅಂತ.